ಗುಂಡಿ ಆಟ

"ಮಂಚದ ಕೆಳಗೆ ಇಲ್ಲ ರೀ! ಬಚ್ಚಲಲ್ಲೂ ಇಲ್ಲ!"

ಹೆಂಡತಿಯ ಕೂಗಿಗೆ ಮೆಕ್ಯಾನಿಕ್‌ನ ಕೈಯಿಂದ ಬಾಚಣಿಗೆ ಬಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವನು ಇಂಗ್ಲಿಷ್ ಪರೀಕ್ಷೆಗೆ ಹೊರಟಿದ್ದ. ಪಾಸಾದರೆ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕುರ್ಚಿಯ ಮೇಲಿನ ಕೆಲಸ. ಇಲ್ಲದಿದ್ದರೆ ಇದ್ದೇ ಇದೆ, ಬಸ್ಸಿನಡಿ ಮಲಗಿ ಮುಖಕ್ಕೆ ಗ್ರೀಸ್ ಬಳಿದುಕೊಳ್ಳುವುದು.

"ಗುಂಡೀ! ಎಲ್ಲಿದ್ದೀಯೇ?"

ಅವನು ಮೇಜಿನಡಿ ಬಗ್ಗಿ ನೋಡಿದ. ಅಲ್ಲೂ ಇರಲಿಲ್ಲ.

ಗುಂಡಿ ಅಂದರೆ ಅವನ ಮಗಳು, ಇನ್ನೂ ಶಾಲೆಗೆ ಸೇರದ ಪೋರಿ. ಸಂಜೆ ತರಗತಿಯ ಮೇಡಂ ಒಂದು ಬೆಂಕಿಪೊಟ್ಟಣ, ಒಂದು ಅಂಗಿಯ ಗುಂಡಿ ಇಟ್ಟುಕೊಂಡು ಪಾಠ ಹೇಳುತ್ತಿದ್ದರು: ಇನ್ ದ ಬಾಕ್ಸ್, ಆನ್ ದ ಬಾಕ್ಸ್, ಅಂಡರ್ ದ ಬಾಕ್ಸ್. ಮೆಕ್ಯಾನಿಕ್‌ನ ತಲೆಗೆ ಹತ್ತಿದರೆ ತಾನೆ! ಗಂಟೆಗೆ ‘ಅಟ್’, ಸೋಮವಾರಕ್ಕೆ ‘ಆನ್’, ಬಸ್ಸಿನಲ್ಲಿ ಬಂದೆ ಅನ್ನಲು ‘ಬೈ’, ಎಲ್ಲ ಕಲಸುಮೇಲೋಗರ. ಕೊನೆಗೆ ಮನೆಯಲ್ಲಿ ಮಗಳನ್ನೇ ಗುಂಡಿ ಮಾಡಿಕೊಂಡ. ‘ಗುಂಡಿ ಈಸ್ ಅಂಡರ್ ದ ಟೇಬಲ್’ ಅಂದರೆ ಅವಳು ಮೇಜಿನಡಿ ನುಗ್ಗಿ ಸುಮ್ಮನಿರಬೇಕು. ಮುಂದಿನ ಇಂಗ್ಲಿಷ್ ವಾಕ್ಯ ಬರುವ ತನಕ ಅಲ್ಲಾಡುವಂತಿಲ್ಲ, ಓಗೊಡುವಂತಿಲ್ಲ. "ಬಾರೆ, ಚಾಕಲೇಟು ಕೊಡ್ತೀನಿ" ಎಂದು ಮನೆಮಾತಿನಲ್ಲಿ ಕರೆದು ಅವನು ಮೋಸ ಮಾಡುತ್ತಿದ್ದ. ಬಂದಳೋ, ಸೋತಳು. ಕಿಲಾಡಿ, ಈಚೆಗೆ ಒಂದು ಸಲವೂ ಸೋತಿರಲಿಲ್ಲ.

"ಬೆಳಿಗ್ಗೆ ಅವಳಿಗೆ ಏನಂತ ಹೇಳಿದ್ರಿ? ನೆನಪು ಮಾಡ್ಕೊಳ್ರೀ!"

"ಏನೂ ಹೇಳಿಲ್ವೇ. ಕಿಟಕಿ ಹತ್ರ ಗಡ್ಡ ಕೆರ್ಕೊಳ್ತಾ ನನ್ನಷ್ಟಕ್ಕೆ ನಾನು ಗುನುಗ್ತಿದ್ದೆ. ದ ಬಸ್ ಲೀವ್ಸ್ ಅಟ್ ನೈನ್. ಗುಂಡಿ ಈಸ್ ಅಂಡರ್ ದ..."

ಅವನ ಕಣ್ಣು ಕಿಟಕಿಯಾಚೆ ನಿಂತಿದ್ದ ಬಸ್ಸಿನತ್ತ ಹೊರಳಿತು. ಬೀದಿಯಲ್ಲಿ ಎಂಜಿನ್ ಗುರುಗುಟ್ಟಿತು.

ಬರಿಗಾಲಲ್ಲೇ ಓಡಿದ. ಬ್ರೇಕ್ ಸರಿಯಿಲ್ಲವೆಂದು ನಿನ್ನೆ ಅವನ ಮನೆಯೆದುರು ತಂದು ನಿಲ್ಲಿಸಿದ್ದ ಬಸ್ಸು ಅದು. ಮೊದಲು ಪರೀಕ್ಷೆ ಮುಗಿಯಲಿ ಎಂದು ಅವನೇ ಚಕ್ರಕ್ಕೆ ಕಲ್ಲು ಕೊಟ್ಟು ಬಿಟ್ಟಿದ್ದ. ಈಗ ಅದರ ಮೀಸೆ ಡ್ರೈವರ್ ಕಾಯಲಾರದೆ ಆ ಕಲ್ಲು ತೆಗೆದು, ಡಿಪೋಗೆ ಒಯ್ಯಲು ಹತ್ತಿ ಕುಳಿತಿದ್ದ. ಬೀದಿಯೋ ಇಳಿಜಾರು.

"ಅಣ್ಣಾ, ನಿಲ್ಸು! ಕೆಳಗೆ ಮಗು ಇದೆ!"

"ಅಯ್ಯೋ ದೇವ್ರೇ! ಬ್ರೇಕ್ ಮೇಲೇ ನಿಂತಿದ್ದೀನಿ ಕಣೋ, ಸರಿಯಾಗಿ ಹಿಡೀತಿಲ್ಲ. ಬೇಗ ಎಳ್ಕೋ!"

ಹಿಂದೆಯೇ ಓಡಿಬಂದ ಹೆಂಡತಿ ಕಲ್ಲು ಎತ್ತಲು ಹೆಣಗುತ್ತಿದ್ದಳು. ಮೆಕ್ಯಾನಿಕ್ ನೆಲಕ್ಕೆ ಬಿದ್ದು ಬಗ್ಗಿ ನೋಡಿದ. ಹಿಂದಿನ ಚಕ್ರಗಳ ನಡುವೆ ಗುಂಡಿ ಮುದುರಿ ಮಲಗಿದ್ದಳು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ಎಷ್ಟು ಚಾಚಿದರೂ ಕೈ ಎಟುಕಲಿಲ್ಲ.

"ಬಾ ಮಗಳೇ. ಆಟ ಮುಗೀತು. ನೀನೇ ಗೆದ್ದೆ, ಬಾರಮ್ಮಾ!"

ಗುಂಡಿಯ ತುಟಿಯಂಚಿನಲ್ಲಿ ನಗು ಬಂತು. ಅಪ್ಪನ ಮೋಸ ಅವಳಿಗೆ ಗೊತ್ತಿಲ್ಲವೇ!

ಚಕ್ರ ಕಿರ್ರೆಂದು ತುಸು ಉರುಳಿತು. ಬಾಯಿಪಾಠ ಮಾಡಿದ್ದ ಇಂಗ್ಲಿಷಿನಲ್ಲಿ ಒಂದು ಅಕ್ಷರವೂ ಅವನ ನಾಲಿಗೆಗೆ ಬರಲಿಲ್ಲ. ಮಗಳ ಲಂಗದ ಅಂಚು ಚಕ್ರಕ್ಕೆ ತಾಗುವಷ್ಟು ಹತ್ತಿರವಿತ್ತು.

"ಗುಂಡಿ... ಗುಂಡಿ ಈಸ್... ಗುಂಡಿ ಈಸ್ ನಿಯರ್ ಅಪ್ಪ!"

ಅವಳು ಕಣ್ಣು ಬಿಟ್ಟಳು. ಸರಸರನೆ ತೆವಳಿ ಬಂದು ಅವನ ಕುತ್ತಿಗೆಗೆ ಜೋತುಬಿದ್ದಳು. ಅವನು ಅವಳನ್ನು ಸೆಳೆದುಕೊಂಡು ಗೋಡೆಯತ್ತ ಉರುಳಿದ. ಬಸ್ಸು ಜಾರಿ, ಹೆಂಡತಿ ಒಡ್ಡಿದ ಕಲ್ಲಿಗೆ ಗುದ್ದಿ ನಿಂತಿತು.

"ನಾನು ಅಲ್ಲಾಡ್ಲೇ ಇಲ್ಲ ಅಪ್ಪಾ. ಅಮ್ಮ ಅಷ್ಟೊಂದು ಕರೆದ್ರೂ ಬರ್ಲಿಲ್ಲ."

ಬಿಳಿ ಅಂಗಿಯ ತುಂಬ ಗ್ರೀಸು. ಮೆಕ್ಯಾನಿಕ್ ನಡುಬೀದಿಯಲ್ಲಿ ಹೋ ಎಂದು ಅತ್ತುಬಿಟ್ಟ. ಪರೀಕ್ಷೆಗೆ ಹೋಗಲಿಲ್ಲ. ಆ ದಿನವಿಡೀ ಆ ಬಸ್ಸಿನಡಿ ಮಲಗಿ ಬ್ರೇಕ್ ಸರಿಮಾಡಿದ.

ಸಂಜೆ ಕೈಕಾಲು ತೊಳೆದು ಒಳಗೆ ಬಂದಾಗ ಗುಂಡಿ ತಾನಾಗಿಯೇ ಮೇಜಿನ ಕೆಳಗೆ ಕುಳಿತಿದ್ದಳು.

"ಹೇಳಪ್ಪಾ. ಮುಂದೆ ಎಲ್ಲಿ?"

ಅವನು ಒದ್ದೆ ಕೈ ಒರೆಸಿಕೊಳ್ಳುತ್ತ ಮೇಜಿನ ಬಳಿ ಬಂದ.

"ಸಾಕು, ಆಟ ಇಲ್ಲ. ಊಟಕ್ಕೆ ಬಾರೆ," ಎಂದು ಅಮ್ಮ ಕರೆದಳು. ಗುಂಡಿ ಅಲ್ಲಾಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

ಮೆಕ್ಯಾನಿಕ್ ಮಂಡಿಯೂರಿದ. ತಲೆ ಬಗ್ಗಿಸಿ, ಮೇಜಿನಡಿ ತೂರಿ ಹೋಗಿ ಮಗಳ ಪಕ್ಕದಲ್ಲಿ ಕುಳಿತ.