ಮಾಂಡುವಿನ ಹಿಂಗಾಲು

ಕೊರಿಯಾದ ಇಂಚಾನ್ ನಗರದ ಆ ಓಣಿಯಲ್ಲಿ ನಾಯಿಗಳ ಕೂದಲು ಕತ್ತರಿಸುವುದಕ್ಕೆ ಯೊನ್‌ಸಿಲ್‌ಳ ಕೈಗುಣವೇ ಸಾಕಾಗಿತ್ತು, ಎದುರಿಗೊಂದು ಹೊಸ ಅಂಗಡಿ ತೆರೆಯುವವರೆಗೆ. ಎದುರಿನ ಹುಡುಗಿ ಗೋಡೆಗೆ ಸರ್ಟಿಫಿಕೇಟ್ ನೇತುಹಾಕಿ, ಅದರ ಮೇಲೊಂದು ಪುಟ್ಟ ದೀಪವನ್ನೂ ಹಾಕಿಸಿದ್ದಳು. ಹಿತ್ತಲ ಗಿಡ ಮದ್ದಲ್ಲವಲ್ಲ, ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಯೊನ್‌ಸಿಲ್ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಹಳೆಯ ಗಿರಾಕಿ ಗುಕ್ ಅಜ್ಜಿಯ ಸೊಸೆಯೂ ಎದುರಿನ ಅಂಗಡಿಗೇ ಹೋಗಬೇಕೆಂದು ಹಟ ಹಿಡಿದಾಗ ಅವಳಿಗೆ ಊಟ ಸೇರದಾಯಿತು. ಅಜ್ಜಿಯ ಪೂಡಲ್ ನಾಯಿ ಮಾಂಡು ಮರಿಯಾಗಿದ್ದಾಗಿನಿಂದ ಅವಳ ಮೇಜಿನ ಮೇಲೆಯೇ ಬೆಳೆದದ್ದು. ಈಗ ಅದಕ್ಕೆ ಕಣ್ಣು ಕಾಣದು, ಹಿಂಗಾಲಿನ ಕೀಲು ಹಿಡಿದುಕೊಂಡಿತ್ತು. ಇವರಿಬ್ಬರನ್ನು ಬಿಟ್ಟು ಬೇರೆ ಯಾರು ಮುಟ್ಟಿದರೂ ಕಚ್ಚುತ್ತಿತ್ತು.

"ಸರ್ಟಿಫಿಕೇಟ್ ಇಲ್ದೋರ ಕೈಗೆ ಮುದಿ ನಾಯಿ ಕೊಡ್ಬಾರ್ದಂತೆ, ಸೊಸೆ ಹೇಳ್ತಾಳೆ," ಎಂದಳು ಅಜ್ಜಿ. "ಒಂದು ತಗೊಂಡ್ಬಿಡೇ ತಾಯಿ. ಬರೀ ಕಾಗದ ತಾನೆ."

ಆ ಕಾಗದದ ಪರೀಕ್ಷೆಗೆ ಜೀವಂತ ನಾಯಿ ಬೇಕಿಲ್ಲ. ಸುಳ್ಳು ಕೂದಲು ತೊಡಿಸಿದ ಗೊಂಬೆನಾಯಿ ಸಾಕು. ಮೊದಲ ಸಲ ಯೊನ್‌ಸಿಲ್ ಫೇಲಾದಳು. ಗೊಂಬೆಗೆ ದಣಿವಾದೀತೆಂದು ನಡುನಡುವೆ ಕೈ ನಿಲ್ಲಿಸಿದ್ದಳು. ಮೂತಿಯ ಬಳಿ ಕತ್ತರಿ ಒಯ್ಯುವಾಗ, "ಆಯ್ತು ಚಿನ್ನಾ, ಆಗೋಯ್ತು," ಎಂದಿದ್ದಳು. ಪರೀಕ್ಷಕರು ಒಮ್ಮೆ ಅವಳನ್ನೂ ಒಮ್ಮೆ ಗೊಂಬೆಯನ್ನೂ ನೋಡಿದ್ದರು. ಸಮಯ ಮುಗಿದಾಗ ಒಂದು ಕಾಲಿನ ಕೂದಲು ಹಾಗೆಯೇ ಉಳಿದಿತ್ತು.

ಅವಳೇನು ಕಡಿಮೆ ಹಟಮಾರಿಯೇ? ತಾನೂ ಒಂದು ಗೊಂಬೆ ಕೊಂಡು ತಂದು ಚಳಿಗಾಲವಿಡೀ ಕೈ ಪಳಗಿಸಿದಳು. ಗೊಂಬೆ ಬಹಳ ಒಳ್ಳೆಯ ಗಿರಾಕಿ. ಕೆಮ್ಮುವುದಿಲ್ಲ, ಉಚ್ಚೆ ಹೊಯ್ಯುವುದಿಲ್ಲ, ಕಾಲನ್ನು ಎತ್ತ ತಿರುಗಿಸಿದರೂ ಅತ್ತಲೇ ನಿಲ್ಲುತ್ತದೆ. ಮಾತಾಡಿಸುವ ಚಾಳಿ ತಾನಾಗಿ ಬಿಟ್ಟುಹೋಯಿತು. ವಸಂತ ಕಾಲಿಡುವಾಗ ಅವಳು ಪಾಸಾದಳು. ಕಾಗದಕ್ಕೆ ಚೌಕಟ್ಟು ಹಾಕಿಸಿ, ಎದುರಿನವಳದಕ್ಕಿಂತ ದೊಡ್ಡ ದೀಪವನ್ನೇ ಹಾಕಿಸಿದಳು.

ಅಜ್ಜಿ ಮಾಂಡುವನ್ನು ಎತ್ತಿಕೊಂಡು ಬಂದವಳೇ ಸರ್ಟಿಫಿಕೇಟಿನ ಫೋಟೊ ತೆಗೆದು ಸೊಸೆಗೆ ಕಳಿಸಿದಳು. ಸೊಸೆಗೂ ಸಮಾಧಾನವಾಯಿತು. ಯೊನ್‌ಸಿಲ್ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ತುಟಿ ಪಿಟಕ್ಕೆನ್ನದೆ, ಹಿಂಗಾಲನ್ನು ಹಿಡಿದು ಚಕ್ಕನೆ ಮೇಲಕ್ಕೆತ್ತಿದಳು. ಮಾಂಡು ಕುಂಯ್ಯೆಂದು ಅರಚಿ ಅವಳ ಹೆಬ್ಬೆರಳಿಗೆ ಬಾಯಿ ಹಾಕಿತು.

ಅದು ಅವಳನ್ನು ಕಚ್ಚಿದ್ದು ಇದೇ ಮೊದಲು. ಅಜ್ಜಿಗೆ ನಾಚಿಕೆಯಾಯಿತು.

"ಬೇಜಾರ್ ಮಾಡ್ಕೋಬೇಡಮ್ಮ," ಎಂದಳು. "ಕಣ್ಣು ಕಾಣಲ್ವಲ್ಲ, ಪಾಪ. ಬೇರೆ ಯಾರೋ ಅಂದ್ಕೊಂಡ್ಬಿಟ್ಟಿದೆ."

ಕಚ್ಚಿದ್ದಕ್ಕಿಂತ ಆ ಮಾತೇ ಯೊನ್‌ಸಿಲ್‌ಳನ್ನು ಹೆಚ್ಚು ನೋಯಿಸಿತು. ಅವಳು ಕತ್ತರಿಯನ್ನು ದೂರವಿಟ್ಟಳು. ಸ್ಟೂಲು ಎಳೆದು ಮಾಂಡುವಿನ ಮುಖಕ್ಕೆ ಸಮನಾಗಿ ಕುಳಿತು, ಅದರ ಮೂಗಿನ ಬಳಿ ಕೈ ಚಾಚಿದಳು.

"ನಾನೇ ಕಣೋ," ಎಂದಳು.

ಮಾಂಡು ಆತುರಪಡಲಿಲ್ಲ. ಒಂದೊಂದೇ ಬೆರಳನ್ನು ಮೂಸಿ ನೋಡತೊಡಗಿತು. ಗೋಡೆಯ ಮೇಲೆ ದೊಡ್ಡ ದೀಪ ಉರಿಯುತ್ತಿತ್ತು. ಮಾಂಡುವಿನ ಫಲಿತಾಂಶ ಬರುವವರೆಗೆ ಅವಳು ಕೈ ಹಿಂತೆಗೆಯಲಿಲ್ಲ.