ಭಾವನ ದೋಣಿಯ ಬಿರುಕು

ಅಕ್ಕನ ಗಂಡ ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಾರೆ. ಏಳು ಸಮುದ್ರಗಳ ಆಳ ಅವರಿಗೆ ಬಾಯಿಪಾಠ. ಮೊಣಕಾಲುದ್ದ ನೀರಿಗೆ ಇಳಿಯಬೇಕೆಂದರೆ ಮಾತ್ರ ಪ್ಯಾಂಟು ಮಡಚಿಕೊಂಡು ಅರ್ಧ ಗಂಟೆ ಯೋಚನೆ. ಅಂಥವರು ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ಗಾಡಿಗೆ ಹೇರಿಸಿ ನನ್ನ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ದೋಣಿ ರಿಪೇರಿಯಲ್ಲೇ ತಲೆ ನರೆತ ಭಾಮೈದನೊಬ್ಬ ಇದ್ದಾನೆ, ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ ಎಂದು ಮಹಾಶಯರಿಗೆ ಅನ್ನಿಸಲೇ ಇಲ್ಲ.

“ಭಾನುವಾರ ನಿನ್ನ ಅಕ್ಕನ್ನ, ಮಕ್ಕಳನ್ನ ಕೂರಿಸ್ಕೊಂಡು ನಡುಗಡ್ಡೆವರೆಗೂ ಹೋಗಿ ಬರೋಣ ಅಂತಿದೀನಿ,” ಎಂದರು. “ಹಿಂದ್ಗಡೆ ಸಣ್ಣದೊಂದು ಗೀರಿದೆ. ಸ್ವಲ್ಪ ನೋಡು.”

ಸಣ್ಣ ಗೀರಂತೆ. ದೋಣಿಯ ಬೆನ್ನಿಗೆ ಅಡ್ಡವಾಗಿ ನಿಂತು ಇಂಜಿನ್ನಿನ ಭಾರ ಹೊರುವ ಗೋಡೆಗೆ ನಾವು ಟ್ರಾನ್ಸಮ್ ಅನ್ನುತ್ತೇವೆ. ಹೊರಗೆ ಒಳಗೆ ಫೈಬರ್, ನಡುವೆ ದಪ್ಪ ಪ್ಲೈವುಡ್. ಇಂಜಿನ್ನಿನ ಬೋಲ್ಟಿನ ಬುಡದಿಂದ ಶುರುವಾದ ಬಿರುಕು ಒಂದು ಗೇಣು ಕೆಳಗಿಳಿದಿತ್ತು. ಅದರ ಮೇಲೆ ಯಾರೋ ಪುಣ್ಯಾತ್ಮ ಪುಟ್ಟಿ ಮೆತ್ತಿ, ಹೊಸ ಬಿಳಿ ಬಣ್ಣ ಬಳಿದು ಕಣ್ಣಿಗೆ ಮಣ್ಣೆರಚಿದ್ದ. ನಾನು ಇಂಜಿನ್ನಿನ ಬಾಲ ಹಿಡಿದು ಮೇಲೆ ಕೆಳಗೆ ಆಡಿಸಿದೆ. ಬಿರುಕು ಬಾಯಿ ತೆರೆದು ಮುಚ್ಚಿತು, ಒಳಗಿಂದ ಕಂದು ನೀರು ಜಿನುಗಿತು.

“ಇದು ಗೀರಲ್ಲ ಭಾವ. ನಿಮ್ಮ ಕನ್ನಡಕ ಬದಲಾಯಿಸ್ಬೇಕು.”

ಸುತ್ತಿಗೆಯ ಹಿಡಿಯಿಂದ ಅಂಗುಲ ಅಂಗುಲ ತಟ್ಟುತ್ತಾ ಹೋದೆ. ಗಟ್ಟಿ ಮರ ಟಕ್ ಟಕ್ ಎಂದು ಉತ್ತರ ಕೊಡುತ್ತದೆ. ಇದು ಒದ್ದೆ ಹಾಸಿಗೆಯ ಹಾಗೆ ದಬ್ ದಬ್ ಎಂದಿತು. ಒಳಗಡೆಯಿಂದ ಕೆಳಗೊಂದು ಸಣ್ಣ ತೂತು ಕೊರೆದೆ. ಬಿಳಿ ಹುಡಿ ಬೀಳಬೇಕಾದ ಕಡೆ ಕಪ್ಪು ಕೆಸರು ಬಂತು. ಬೆರಳಿಗೆ ಹಚ್ಚಿಕೊಂಡು ಭಾವನ ಮೂಗಿನ ಹತ್ತಿರ ಹಿಡಿದೆ.

“ಕೊಳೆತು ಗೊಬ್ಬರ ಆಗಿದೆ. ನಡುನೀರಲ್ಲಿ ಗಾಳಿ ಎದ್ದಿದ್ರೆ ಇಂಜಿನ್ ಈ ಗೋಡೆನೂ ಕಿತ್ಕೊಂಡು ತಳಕ್ಕೆ ಹೋಗ್ತಿತ್ತು. ಅಕ್ಕನಿಗೆ ಈಜು ಬರುತ್ತಾ? ಮಕ್ಕಳಿಗೆ?”

ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

“ಹಿಂದೆ ಇದನ್ನ ರಿಪೇರಿ ಮಾಡಿದ ಕಸಾಯಿ ಯಾರು ಅಂತಾದ್ರೂ ಮಾರಿದವನನ್ನ ಕೇಳಿದ್ರಾ?”

ಭಾವ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಪಾಪ ಎನ್ನಿಸಬೇಕಿತ್ತು, ನನಗೆ ಮೈಯೆಲ್ಲ ಉರಿಯಿತು.

ಮರುದಿನ ಬೆಳಿಗ್ಗೆ ಇಂಜಿನ್ ಇಳಿಸಿ, ಗ್ರೈಂಡರಿನಿಂದ ಒಳಪದರವನ್ನು ಸುತ್ತ ಕತ್ತರಿಸತೊಡಗಿದೆ. ಅಕ್ಕ ಫ್ಲಾಸ್ಕಿನಲ್ಲಿ ಚಹಾ ತಂದು, ಬೋರಲು ಹಾಕಿದ ಡಬ್ಬದ ಮೇಲೆ ಕೂತಳು. ಭಾವ ಅವಳ ಹಿಂದೆ ನಿಂತರು. ಕೇಳುವವರಿದ್ದರೆ ನನ್ನ ನಾಲಿಗೆಗೆ ಲಂಗುಲಗಾಮು ಇರುವುದಿಲ್ಲ.

“ಬೋಲ್ಟಿನ ತೂತು ನೋಡಿ. ಮರನ ಹಾಗೇ ಬೆತ್ತಲೆ ಬಿಟ್ಟು, ಬಾಯಿಗಷ್ಟೇ ಸಿಲಿಕಾನ್ ಸವರಿದಾನೆ. ತೂತನ್ನ ಮೊದ್ಲು ದೊಡ್ಡದು ಮಾಡ್ಬೇಕು, ಎಪಾಕ್ಸಿ ಅಂಟು ತುಂಬ್ಬೇಕು, ಗಟ್ಟಿ ಆದ್ಮೇಲೆ ಅದರ ನಡುವೆ ಕೊರೀಬೇಕು. ಆಗ ನೀರು ಮರಕ್ಕೆ ಮುಟ್ಟಲ್ಲ. ಇವನಿಗೆ ಎರಡು ದಿನ ಕಾಯೋಕೆ ಏನು ರೋಗ? ನಾನು ಪ್ರತಿ ಹಲಗೆ ಮೇಲೂ ಮುಚ್ಚೋ ಮುಂಚೆ ಪೆನ್ಸಿಲ್ಲಲ್ಲಿ ಅರ್ಧಚಂದ್ರ ಬರ್ದು ಇಸವಿ ಹಾಕ್ತೀನಿ. ಮಾಡಿದ ಕೆಲಸಕ್ಕೆ ತಲೆ ಕೊಡೋನು ಹಾಗೆ ಮಾಡ್ತಾನೆ. ಇವನು ಕಳ್ಳ.”

ಸಣ್ಣ ಹಾರೆ ತೂರಿಸಿ ಒಳಪದರವನ್ನು ಎಬ್ಬಿಸಿದೆ. ಕೊಳೆತ ಪ್ಲೈವುಡ್ ಮುದ್ದೆಮುದ್ದೆಯಾಗಿ ಕಾಲ ಮೇಲೆ ಬಿತ್ತು. ಮೇಲಿನ ಎಡಮೂಲೆಯಲ್ಲಿ ಅಂಗೈಯಗಲದ ತುಂಡೊಂದು ಮಾತ್ರ ಒಣಗಿ ಉಳಿದಿತ್ತು. ಅದರ ಮೇಲೆ ಅರ್ಧಚಂದ್ರ. ಕೆಳಗೆ, ಒಂಬತ್ತು ವರ್ಷದ ಹಿಂದಿನ ಇಸವಿ, ನನ್ನದೇ ವಕ್ರ ಅಕ್ಷರದಲ್ಲಿ.

ಆಗ ಈ ದೋಣಿಯ ಬಣ್ಣ ನೀಲಿ. ಅದೇ ಅಚ್ಚಿನ ನೂರು ದೋಣಿಗಳಿಗೆ ಕೈ ಹಾಕಿದವನು ನಾನು, ಹಾಗಾಗಿ ಗುರುತು ಸಿಕ್ಕಿರಲಿಲ್ಲ. ಆದರೆ ಆ ವರ್ಷ ಕೆಲಸ ಮೈಮೇಲೆ ಬಿದ್ದು, ತೂತುಗಳನ್ನು ಹಾಗೇ ಕೊರೆದು ಕೈತೊಳೆದುಕೊಂಡದ್ದು ನೆನಪಾಯಿತು. ಒಂದೆರಡು ದೋಣಿಗಲ್ಲ. ಹೆಬ್ಬೆರಳಿಗೆ ಉಗುಳು ಹಚ್ಚಿ ಚಂದ್ರನನ್ನು ಉಜ್ಜಿದೆ. ಅದು ಹೋಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಬಿಡು, ಅದನ್ನ ಯಾಕೆ ಉಜ್ತೀಯ,” ಎಂದಳು ಅಕ್ಕ. “ಇವರಿಗೆ ಗೊತ್ತು.”

ನಾನು ಭಾವನ ಮುಖ ನೋಡಿದೆ.

“ಮಾರಿದವನು ನಿನ್ನ ಹೆಸರು ಹೇಳಿದ,” ಎಂದರು ಭಾವ. “ಅದಕ್ಕೇ ಕೊಂಡೆ. ನಿನ್ನ ಕೈಕೆಲಸ ಅಂದ್ಮೇಲೆ ಇನ್ನೇನು ನೋಡೋದು ಅಂತ. ಮನೆಗೆ ತಂದ್ಮೇಲೆ ಬಿರುಕು ಕಾಣಿಸ್ತು.”

“ನಿನ್ನೆ ಇಷ್ಟೆಲ್ಲ ಬೈದೆನಲ್ಲ. ಆಗ್ಲೇ ಹೇಳೋಕೇನಾಗಿತ್ತು ನಿಮಗೆ?”

“ಹೇಳಿದ್ರೆ ನೀನು ಸುತ್ತಿಗೆ ಎತ್ತಿಕೊಳ್ತಿದ್ಯಾ?”

ಎತ್ತಿಕೊಳ್ಳುತ್ತಿದ್ದೆ ಎನ್ನಲು ಬಾಯಿ ತೆರೆದೆ. ನಿಜ ಹೇಳಬೇಕೆಂದರೆ, ನನ್ನ ಕೆಲಸವೇ, ಇನ್ನೂ ಇಪ್ಪತ್ತು ವರ್ಷ ಅಲುಗಾಡಲ್ಲ, ಬಣ್ಣ ಸೀಳಿದೆ ಅಷ್ಟೇ, ಹೊರಡಿ ಎನ್ನುತ್ತಿದ್ದೆ. ಭಾನುವಾರ ಅಕ್ಕ ಮಕ್ಕಳೊಂದಿಗೆ ನಡುನೀರಿನಲ್ಲಿರುತ್ತಿದ್ದಳು. ಭೂಗೋಳದ ಮೇಷ್ಟ್ರು ನನ್ನ ಆಳವನ್ನೂ ಅಳೆದಿದ್ದರು.

ಎಂಟು ದಿನ ಹಿಡಿಯಿತು. ಒಳಗನ್ನು ಪೂರ್ತಿ ಕೆರೆದು, ದೊಡ್ಡ ಬಲ್ಬು ಉರಿಸಿಟ್ಟು ಒಣಗಿಸಿದೆ. ಹೊಸ ಪ್ಲೈವುಡ್ಡಿನ ಅಂಚಂಚಿಗೂ ಎಪಾಕ್ಸಿ ಕುಡಿಸಿ, ಅಂಟಿಸಿ, ಬಿಗಿದೆ. ತೂತುಗಳನ್ನು ದೊಡ್ಡದು ಮಾಡಿ ತುಂಬಿದೆ, ಎರಡು ದಿನ ಕಾದೆ, ನಡುವೆ ಕೊರೆದೆ. ಭಾವ ಶಾಲೆ ಬಿಟ್ಟ ಕೂಡಲೇ ಬಂದು ಎಲ್ಲವನ್ನೂ ನೋಡುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಫೈಬರ್ ಗಾಜಿನ ಬಟ್ಟೆಯ ಪದರ ಹಾಕಿ ಮುಚ್ಚುವ ದಿನ ಸುತ್ತಿಗೆಯನ್ನು ಅವರ ಕೈಗೇ ಕೊಟ್ಟೆ. ಮೂಲೆಯಿಂದ ಮೂಲೆಗೆ, ಒಂದು ಅಂಗುಲವನ್ನೂ ಬಿಡದೆ ತಟ್ಟಿದರು. ಎಲ್ಲ ಕಡೆ ಟಕ್ ಟಕ್ ಎಂದಿತು. ನಾನು ಪೆನ್ಸಿಲ್ಲನ್ನು ಕಿವಿಯಲ್ಲೇ ಸಿಕ್ಕಿಸಿಕೊಂಡು ರೆಸಿನ್ ಅಂಟು ಕಲಸಲು ಹೊರಟೆ.

“ಚಂದ್ರ ಎಲ್ಲಿ?” ಎಂದರು ಭಾವ. “ಬರಿ. ಮುಂದೆ ಬಿಚ್ಚೋನಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗ್ಲಿ.”

ಬರೆದೆ. ಇಸವಿಯನ್ನು ಈ ಸಲ ದುಂಡಗೆ, ಅವರ ಕಣ್ಣೆದುರೇ ಹಾಕಿದೆ.