ಅಮ್ಮನ ಷಡ್ಜ

ಕಿಟಕಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಒಂದಿಷ್ಟು ಕೆಂಚು ಧೂಳು ಎದ್ದು, ಸ್ವಲ್ಪ ಹೊತ್ತು ಹಾಗೇ ಆಡಿ, ಇಲ್ಲವಾಯಿತು. ಇವತ್ತಿಗೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಅದೇ. ನನ್ನ ತಂಗಿ ಮಂದಾಕಿನಿ ಅಮ್ಮನ ಹಾರ್ಮೋನಿಯಂ ಬಿಚ್ಚಿ ಹರಡಿಕೊಂಡು, ಕೆನ್ನೆ ಉಬ್ಬಿಸಿ ಉಫ್ ಎಂದು ಊದಿದ್ದಳು.

"ಥೂ, ಏನು ಕೊಳೆ ಅಕ್ಕಾ! ಹುಳ ಮರ ಕೊರೆದಿರಬೇಕು," ಎಂದು ಮೂಗು ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕು ಕಸಬರಿಗೆ ತಂದೆ.

ಅಮ್ಮ ತೀರಿಕೊಂಡು ಆಗ ವರ್ಷ ಕಳೆದಿತ್ತು. ಇಲಿ ತಿದಿಯನ್ನು ಕಡಿದಿದ್ದರಿಂದ ಪೆಟ್ಟಿಗೆಯನ್ನು ಒತ್ತಿದರೆ ಬುಸ್ಸೆಂದು ಗಾಳಿ ಬರುತ್ತಿತ್ತೇ ಹೊರತು ದನಿಯಿಲ್ಲ. ಅಮ್ಮ ಇದ್ದಾಗ ಸಂಜೆಯ ದೀಪ ಹಚ್ಚಿ, ಪೆಟ್ಟಿಗೆಗೆ ಹೂವೇರಿಸಿ ಕುಂಕುಮವಿಟ್ಟು ಕೈಮುಗಿದು ಹಾಡಲು ಕೂರುತ್ತಿದ್ದಳು. ಅವಳು ಷಡ್ಜಕ್ಕೆ ಬೆರಳಿಡುತ್ತಿದ್ದ ಬಿಳಿಯ ಮನೆಯ, ಅಂದರೆ ಬಿಳಿ ಪಟ್ಟಿಯ, ದನಿ ಬೇರೆಲ್ಲ ಮನೆಗಳ ಶ್ರುತಿಗಿಂತ ಕೂದಲೆಳೆಯಷ್ಟು ಇಳಿದಿತ್ತು. "ನಿನ್ನ ಷಡ್ಜ ಜಾರಿದೆ ಕಣೇ," ಎಂದು ಅಪ್ಪ ಛೇಡಿಸಿದರೆ, "ಅದು ಜಾರಿದರೆ ಅದರ ಜೊತೆ ನಾನೂ ಜಾರ್ತೀನಿ, ನಿಮಗೇನು ಕಷ್ಟ?" ಎನ್ನುತ್ತಿದ್ದಳು. ಜಾರಿದ ಆ ಸ್ವರಕ್ಕೇ ಗಂಟಲನ್ನು ಹೊಂದಿಸಿಕೊಂಡು ಹಾಡುತ್ತಿದ್ದಳು. ಅದು ನಮ್ಮ ಮನೆಯ ದನಿಯೇ ಆಗಿಹೋಗಿತ್ತು.

ಅಪ್ಪ ಊರ ಶಾಲೆಯ ಹೆಡ್‌ಮೇಷ್ಟ್ರು. ಬೇರೆಯವರ ಮಕ್ಕಳನ್ನು ಕೈಹಿಡಿದು ಶಾಲೆಗೆ ಎಳೆದು ತರುತ್ತಿದ್ದವರ ಸ್ವಂತ ಮಗಳು ಶಾಲೆ ಬಿಟ್ಟಳು. ದೀಪದ ಬುಡದಲ್ಲೇ ಕತ್ತಲು ಎಂದು ಊರು ಆಡಿಕೊಳ್ಳಲು ಇನ್ನೇನು ಬೇಕು? ಮಂದಾ ಏನು ಸುಮ್ಮನೆ ಕೂತಿರಲಿಲ್ಲ. ನಾಟಕದ ಕಂಪನಿಯವರು ಬಿಟ್ಟುಹೋದ ಮುರುಕು ಪೆಟ್ಟಿಗೆಗಳನ್ನು ಬಿಚ್ಚುವುದು, ಜೋಡಿಸುವುದು, ಕೆಟ್ಟರೆ ಮತ್ತೆ ಬಿಚ್ಚುವುದು. ತೊಗಲು ಹೊಲಿಯುವುದನ್ನು ಚಪ್ಪಲಿ ಅಂಗಡಿಯ ಮುಂದೆ ಕೂತು ನೋಡಿದಳು. ಅಂಟು ಕಾಯಿಸುವುದನ್ನು ಪುಸ್ತಕಕ್ಕೆ ರಟ್ಟು ಹಾಕುವವರ ಹತ್ತಿರ ಕೇಳಿದಳು. ಇದನ್ನೇ ಕಸುಬು ಮಾಡಿಕೊಂಡು ಅಂಗಡಿ ಇಡುತ್ತೇನೆಂದು ಹಟ ಹಿಡಿದಳು.

"ನೀನು ಹೀಗೆ ಕೂತರೆ ನಾನು ಯಾವ ಮುಖ ಹೊತ್ತು ಬೇರೆಯವರ ಮಕ್ಕಳನ್ನ ಕರೀಲಿ?" ಎಂದರು ಅಪ್ಪ.

"ಕೂತಿಲ್ಲಪ್ಪಾ, ಕಲೀತಾ ಇದೀನಿ. ಕೆಟ್ಟದ್ದನ್ನ ಬಿಚ್ಚಿದರೆ ಅದೇ ಪಾಠ ಹೇಳುತ್ತೆ. ನಿಮ್ಮ ಕ್ಲಾಸಲ್ಲಿ ಬಿಚ್ಚೋಕೆ ಏನಿದೆ ಹೇಳಿ?"

"ಬಾಯಿಗೇನೂ ಕಮ್ಮಿಯಿಲ್ಲ!" ಅಪ್ಪ ಗೋಡೆಯ ಕಡೆ ತಿರುಗಿದರು. ಆಮೇಲೆ ಬೇರೆಯದೇ ದನಿಯಲ್ಲಿ, "ಅಮ್ಮನ ಪೆಟ್ಟಿಗೆ ಮೊದಲಿನ ಹಾಗೆ ನುಡಿಯಬೇಕು. ಅವಳ ಷಡ್ಜ ನನಗೆ ಇನ್ನೊಂದು ಸಲ ಕೇಳಬೇಕು. ಅಷ್ಟು ಮಾಡು, ಮತ್ತೆ ನಿನ್ನನ್ನ ಶಾಲೆಗೆ ಕರೆಯಲ್ಲ. ಆಗದಿದ್ದರೆ ತೆಪ್ಪಗೆ ಬಂದು ಬೆಂಚಿನ ಮೇಲೆ ಕೂರಬೇಕು," ಎಂದರು.

ಅವಳು ಅಮ್ಮನ ಪೆಟ್ಟಿಗೆ ಬಿಚ್ಚಿ ಧೂಳು ಊದಿದ್ದು ಆಗಲೇ. ಹೊಸ ತೊಗಲು ಹಾಕಿ ತಿದಿ ಕಟ್ಟಿದಳು. ಒಳಗೆ ದನಿ ಹೊರಡಿಸುವ ಹಿತ್ತಾಳೆಯ ನಾಲಗೆಗಳನ್ನು ಒಂದೊಂದಾಗಿ ಉಜ್ಜಿ ಒರೆಸಿದಳು. ಕೂಡಿಸಿ ಒತ್ತಿದಾಗ ಅಮ್ಮನ ಮನೆಯೂ ಉಳಿದವುಗಳ ಸಮಕ್ಕೆ ಬಂದಿತ್ತು! "ನೋಡಕ್ಕಾ, ನಾಲಗೆ ತಿದ್ದೋ ಅರ ಕೂಡ ಮುಟ್ಟಿಸಿಲ್ಲ. ಗಾಳಿ ಸೋರುತ್ತಿದ್ದದ್ದೇ ರೋಗ," ಎಂದು ಕುಣಿದಾಡಿದಳು.

ಆ ಸಂಜೆ ಅಪ್ಪ ಮಡಿ ಪಂಚೆ ಉಟ್ಟು, ನೆಂಟರ ಮನೆಗೆ ಬಂದವರಂತೆ ಚಾಪೆಯ ಅಂಚಿನಲ್ಲಿ ಕೂತು ಕಣ್ಣು ಮುಚ್ಚಿದರು. ಮಂದಾ ಒತ್ತಿದಳು. ದನಿ ತೊಳೆದ ಗಾಜಿನ ಹಾಗೆ ಚೊಕ್ಕವಾಗಿ ಬಂತು. ಅಪ್ಪ ಕಾದರು. ಅವಳು ಮತ್ತೆ ಒತ್ತಿದಳು. ಅವರು ಕಣ್ಣು ತೆರೆದಾಗ ಅಮ್ಮ ಹೋದ ದಿನ ಇದ್ದ ಮುಖವೇ ಮತ್ತೆ ಬಂದಿತ್ತು.

"ಕೆಲಸ ನಿನಗೆ ಬರುತ್ತೆ. ಇನ್ನು ನಿನ್ನನ್ನ ಶಾಲೆಗೆ ಕರೆಯಲ್ಲ," ಎಂದರು. ಬಾಗಿಲ ಹತ್ತಿರ ನಿಂತು ಹೇಳಿದರು, "ಅವಳು ಮಾತ್ರ ಇಲ್ಲ ಅದರಲ್ಲಿ."

ಅಂಗಡಿ ಚೆನ್ನಾಗಿ ನಡೆಯಿತು. ಸುತ್ತಲ ಊರಿನವರೆಲ್ಲ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಆದರೆ ಅಪ್ಪ ಆ ಬೀದಿಯನ್ನೇ ಬಿಟ್ಟು ಬಳಸಿ ಹೋಗುತ್ತಿದ್ದರು. ಮಧ್ಯಾಹ್ನ ಊಟವಾಗಿ ಅಡ್ಡಾದಾಗ ನಿದ್ದೆಯಲ್ಲಿ ಆ ಜಾರಿದ ಷಡ್ಜವನ್ನು ಗುನುಗುತ್ತಿದ್ದರು. ಮಂದಾ ಅವರ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, ಅಂಗಡಿಗೆ ಓಡಿ ಅಮ್ಮನ ಪೆಟ್ಟಿಗೆ ಒತ್ತಿ ನೋಡುತ್ತಿದ್ದಳು. ಆ ನಾಲಗೆಗೆ ಮೇಣ ಮೆತ್ತಿ ನೋಡಿದಳು, ಕೆರೆದು ತೆಗೆದಳು. ದನಿ ಇಳಿಯುತ್ತಿತ್ತು, ಆದರೆ ಬೇರೆ ಯಾರೋ ಗಂಟಲು ಕೆಟ್ಟವರು ಕರೆದ ಹಾಗಿರುತ್ತಿತ್ತು. "ಇದಲ್ಲ," ಎನ್ನುವಳು. ಊರವರ ಪೆಟ್ಟಿಗೆಗಳನ್ನೆಲ್ಲ ಸರಿಮಾಡಿ ಕೊನೆಗೆ ಇದರ ಮುಂದೆ ಕೂತು, "ಇದಲ್ಲ ಅಕ್ಕಾ, ಇದಲ್ಲ," ಎನ್ನುವಳು. ನನಗೆ ಕೇಳಿ ಕೇಳಿ ಭಯವಾಗುತ್ತಿತ್ತು.

ಒಂದು ದಿನ ಭಜನೆ ಮನೆಯ ರಾಚಮ್ಮಜ್ಜಿ ತನ್ನ ಪೆಟ್ಟಿಗೆ ತಂದಿಳಿಸಿದಳು. "ಒಂದು ಮನೆ ಯಾಕೋ ಕೆಳಕ್ಕೆ ಬಿದ್ದದೆ ನೋಡವ್ವ."

ಮಂದಾ ಆ ಮನೆ ಒತ್ತಿ ಬೆಚ್ಚಿಬಿದ್ದಳು. ನನ್ನ ಮೈಯೂ ಜುಮ್ಮೆಂದಿತು. ಅಮ್ಮನದೇ ಅಲ್ಲ, ಅಮ್ಮನ ಒಡಹುಟ್ಟಿದವಳದು ಎನ್ನಬಹುದಾದ ದನಿ. ಪೆಟ್ಟಿಗೆ ಬಿಚ್ಚಿದಳು. ಆ ಒಂದು ನಾಲಗೆಯ ತುದಿಯಲ್ಲಿ ಕೆಂಚನೆಯದೇನೋ ಹೆಪ್ಪುಗಟ್ಟಿತ್ತು. ರೂಢಿಯಂತೆ ಊದಲು ಕೆನ್ನೆ ಉಬ್ಬಿಸಿದವಳು ಹಾಗೇ ನಿಂತಳು.

"ಇದೇನಜ್ಜಿ?"

"ಕುಂಕುಮ ಕಣವ್ವ. ಷಡ್ಜದ ಮನೆಗೆ ಚಿಟಿಕೆ ಇಕ್ಕದೆ ಹೆಂಗೆ ಮುಟ್ಟೋದು? ಸಂದೀಲಿ ಉದುರಿ ಉದುರಿ ಒಳಗೆ ಕೂತದೆ. ನಿಮ್ಮವ್ವನೇ ಅಲ್ವಾ ನಂಗೆ ಕಲಿಸಿದ್ದು."

ಮಂದಾ ನನ್ನ ಕಡೆ ತಿರುಗಿದಳು. "ಅವತ್ತು ಹಾರಿದ್ದು ಹುಳದ ಪುಡಿ ಅಲ್ಲ. ಅಷ್ಟು ವರ್ಷದ ಸಂಜೆ ಅಕ್ಕಾ ಅದು. ಅದರ ಭಾರಕ್ಕೇ ಷಡ್ಜ ಜಾರಿತ್ತು. ಅಮ್ಮನ್ನ ನಾನೇ ಊದಿಬಿಟ್ಟೆ," ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿಗೆ ವಿಷಯ ತಿಳಿದಾಗ, "ಹಂಗಾದ್ರೆ ನಂದನ್ನ ಮುಟ್ಟಬ್ಯಾಡ ತಾಯಿ," ಎಂದು ಪೆಟ್ಟಿಗೆ ಕಂಕುಳಿಗೇರಿಸಿ ಹೊರಟೇಹೋದಳು.

ಅಮ್ಮನ ಪೆಟ್ಟಿಗೆಯ ನಾಲಗೆಗೆ ಕುಂಕುಮವನ್ನು ಕಲಸಿ ಮೆತ್ತಿದ್ದೂ ಆಯಿತು. ದನಿ ಗೊರಗೊರ ಎಂದಿತಷ್ಟೆ. ಒಂದು ದಿನದಲ್ಲಿ ಆದದ್ದಲ್ಲವಲ್ಲ ಅದು. ಕೊನೆಗೆ ನಾಲಗೆಯನ್ನು ತೊಳೆದು ಪೆಟ್ಟಿಗೆಯನ್ನು ಮನೆಗೆ ತಂದಳು. ಸಂಜೆ ದೀಪ ಹಚ್ಚಿ, ಆ ಬಿಳಿಮನೆಯ ಮೇಲೆ ಚಿಟಿಕೆ ಕುಂಕುಮವಿಟ್ಟು, ಒಂದು ಸಲ ನುಡಿಸಿ ಎದ್ದಳು. ಮರುದಿನವೂ ಇಟ್ಟಳು. ಅಂಗಡಿಯಲ್ಲಿ ಎಷ್ಟೇ ಕೆಲಸವಿರಲಿ, ಎಷ್ಟು ವರ್ಷ ಕಳೆಯಲಿ, ಅದೊಂದು ತಪ್ಪಲಿಲ್ಲ.

ಅಪ್ಪನಿಗೆ ನಿವೃತ್ತಿಯಾಗಿ, ಕೂದಲೆಲ್ಲ ನರೆತ ಮೇಲೆ ಒಂದು ಸಂಜೆ ಮಂದಾ ನುಡಿಸುತ್ತಿದ್ದಳು. ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ ಅಪ್ಪ ತಂಬಿಗೆಯನ್ನು ಹಿಡಿದೇ ಬಾಗಿಲಿಗೆ ಬಂದರು. "ಇನ್ನೊಂದು ಸಲ ಒತ್ತಮ್ಮ," ಎಂದರು. ಅವಳು ಒತ್ತಿದಳು. ದನಿ ಎಳ್ಳಷ್ಟು ಜಾರಿತ್ತು. ಅಪ್ಪ ತಲೆ ವಾಲಿಸಿ ಕೇಳಿದರು. ತಂಬಿಗೆಯ ನೀರು ಹೊಸ್ತಿಲ ಮೇಲೆ ಚೆಲ್ಲುತ್ತಿತ್ತು.

"ದಾರೀಲಿದ್ದಾಳೆ," ಎಂದರು.

ಅವರು ಬಂದು ಚಾಪೆಯ ಮೇಲೆ ಕೂತರು. ಮಂದಾ ಇನ್ನೊಂದು ಚಿಟಿಕೆ ಇಟ್ಟಳು. ಕಿಟಕಿಯ ಇಳಿಬಿಸಿಲಿನಲ್ಲಿ ಆ ಕೆಂಪು ಧೂಳು ನಿಧಾನವಾಗಿ ಮನೆಗಳ ಸಂದಿಗೆ ಇಳಿಯತೊಡಗಿತು. ಅದು ಇಳಿದು ಮುಗಿಯುವ ತನಕ ನಾವು ಮೂವರೂ ಉಸಿರು ಬಿಗಿಹಿಡಿದು ಕೂತಿದ್ದೆವು.